ನಾನು ಕದ್ದ ಕಾರಿನ ಯಜಮಾನರಿಗೊಂದು ಬಹಿರಂಗ ಪತ್ರ

ಗೆ,
ಐಡಾಹೋ ಕಾರಿನ ಯಜಮಾನರು,
ಓಷನ್ ಡ್ರೈವ್, ವೈಸ್ ಸಿಟಿ.

ಮಾನ್ಯರೇ,

ನಾನು ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ ಆಗಾಗ ಕಾಗದ ಬರೆಯುತ್ತಿರಿ ಎಂದು ಕೇಳಿಕೊಳ್ಳುವುದು ಪದ್ಧತಿ. ಆದರೆ ಹಾಗೆ ಕೇಳಲು ನನಗೆ ಮುಖವಿಲ್ಲ. ತಮ್ಮನ್ನು ಕೊನೆಯ ಸಲ ನೋಡಿದಾಗ ತಾವು ಡಾಂಬರಿನ ಮೇಲೆ ಅಂಗಾತ ಬಿದ್ದಿದ್ದಿರಿ. ತಮ್ಮ ಕಾರಿನ ಸ್ಟೀರಿಂಗು ನನ್ನ ಕೈಯಲ್ಲಿತ್ತು. ಗುರುತು ಹತ್ತದಿದ್ದರೆ ಹೇಳಿಬಿಡುತ್ತೇನೆ: ತೆಂಗಿನ ಗರಿಯ ಚಿತ್ರವಿದ್ದ ನೀಲಿ ಅಂಗಿ, ಜೀನ್ಸ್ ಪ್ಯಾಂಟು, ಹೆಸರು ಟಾಮಿ ವರ್ಸೆಟ್ಟಿ. ಕಂಠ ಹಾಲಿವುಡ್ಡಿನ ರೇ ಲಿಯೋಟ್ಟಾ ಅವರದ್ದು. ಹಿಂದೆ ಕೂತು ಕೀಬೋರ್ಡು ಕುಟ್ಟುತ್ತಿದ್ದವನು ಮಾತ್ರ ಹಾಸನದ ಒಬ್ಬ ಪಿಯುಸಿ ಹುಡುಗ, ಅಂದರೆ ನಾನು.

ತಮ್ಮ ಲೆಕ್ಕದಲ್ಲಿ ಆಗ 1986. ನನ್ನ ಲೆಕ್ಕದಲ್ಲಿ 2004. ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಕೆಫೆಯಲ್ಲಿ ‘ಜಿಟಿಎ: ವೈಸ್ ಸಿಟಿ’ ಎಂಬ ವಿಡಿಯೋ ಗೇಮು ಆಡಲು ಗಂಟೆಗೆ ಹದಿನೈದು ರೂಪಾಯಿ. ಪ್ಲೈವುಡ್ಡಿನ ಗೂಡು, ಮೈಗೆ ತಾಗುವ ಹಾಗೆ ಪಕ್ಕದಲ್ಲಿ ಕೂತ ಇಬ್ಬರು ಗೆಳೆಯರು, ಮೂವರಿಗೂ ಸೇರಿ ಒಂದು ಹೆಡ್‌ಫೋನು. ಅದರ ಎಡಗಿವಿ ನನಗೆ, ಬಲಗಿವಿ ದುಡ್ಡು ಹಾಕಿದವನಿಗೆ, ಮೂರನೆಯವನಿಗೆ ಬರೀ ಚಿತ್ರ. ಕಾರಿನ ಬಾಗಿಲು ತೆಗೆದು ತಮ್ಮನ್ನು ಎಳೆದು ಹಾಕಿ ಒಳಗೆ ಕೂತೆ ನೋಡಿ, ಅಷ್ಟರಲ್ಲಿ ಯಾರೋ ಮಾತಾಡತೊಡಗಿದರು. ಬೆಚ್ಚಿದೆ. ಕಾರಿನಲ್ಲಿ ಇನ್ನೊಬ್ಬರು ಇದ್ದಾರೆ ಎಂದೇ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ತಾವು ರೇಡಿಯೋ ಹಾಕಿಕೊಂಡು ಹೋಗುತ್ತಿದ್ದಿರಿ. ಎಮೋಷನ್ 98.3. ಫರ್ನಾಂಡೋ ಮಾರ್ಟಿನೆಜ್ ಎಂಬ ಮಹಾಶಯ ಪ್ರೇಮದ ಬಗ್ಗೆ ಜೇನು ಸುರಿಸುತ್ತಿದ್ದ. ಅವನ ಮಾತು ಮುಗಿದದ್ದೇ ಒಂದು ಹಾಡು ಬಂತು. ಅದು ಟೋಟೋ ಎಂಬ ತಂಡದ ‘ಆಫ್ರಿಕಾ’ ಎಂದು ತಿಳಿಯಲು ನನಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು.

ನಮ್ಮ ಕಿವಿಗೆ ಅಲ್ಲಿಯವರೆಗೆ ರೇಡಿಯೋ ಎಂದರೆ ಆಕಾಶವಾಣಿ ಹಾಸನ. ಬೆಳಿಗ್ಗೆ ಚಿಂತನ, ಆಮೇಲೆ ಕೃಷಿರಂಗ. ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ 2001ರಲ್ಲೇ ಬಂದಿತ್ತು, ದೇಶದಲ್ಲಿ ಅದೇ ಮೊದಲಂತೆ. ಆದರೆ ಅದರ ಅಲೆ ನೆಲಮಂಗಲ ದಾಟಿ ನಮ್ಮ ಘಟ್ಟದ ಕಡೆ ಬರುತ್ತಿರಲಿಲ್ಲ. ಹಾಗಾಗಿ ನಾನು ಇಂಗ್ಲಿಷ್ ಹಾಡು ಕಲಿತದ್ದು ತಮ್ಮ ಕಾರಿನಲ್ಲಿ, ತಮ್ಮ ಹಾಗೇ ಡಾಂಬರಿಗೆ ಬಿದ್ದ ನೂರಾರು ಸಜ್ಜನರ ಕಾರುಗಳಲ್ಲಿ. ತಮ್ಮ ಊರಿನ ಒಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಯಾವ ಕಾರಿಗೆ ಹತ್ತಿದರೂ ಅದರ ಯಜಮಾನನ ರುಚಿಗೆ ತಕ್ಕ ಸ್ಟೇಷನ್ನು ಆಗಲೇ ಹಾಡುತ್ತಿರುತ್ತದೆ. ಕೆಲವು ಕಾರು ವಿ-ರಾಕ್ ಎಂದು ಅಬ್ಬರಿಸುತ್ತವೆ, ಕೆಲವು ಫ್ಲ್ಯಾಶ್ ಎಫ್‌ಎಂನಲ್ಲಿ ಕುಣಿಯುತ್ತವೆ, ಕೆಲವರು ವೈಲ್ಡ್‌ಸ್ಟೈಲ್ ಕೇಳುತ್ತಾರೆ, ರೇಡಿಯೋ ಎಸ್ಪಾಂಟೋಸೋದಲ್ಲಿ ಸ್ಪ್ಯಾನಿಷ್. ಪೊಲೀಸ್ ಕಾರು ಕದ್ದರೆ ಮಾತ್ರ ಹಾಡಿಲ್ಲ, ವೈರ್‌ಲೆಸ್ಸಿನ ಗೊರಗೊರ ಅಷ್ಟೇ. ಒಬ್ಬ ಮನುಷ್ಯನ ಬಗ್ಗೆ ಅವನ ಮುಖ ನೋಡುವ ಮೊದಲೇ ಅವನ ಹಾಡು ತಿಳಿಯುವುದೆಂದರೆ ಸಣ್ಣ ಪರಿಚಯವೇ? ಮುಖವನ್ನಂತೂ ನಾನು ಸರಿಯಾಗಿ ನೋಡುತ್ತಿರಲಿಲ್ಲ, ನಿಜ.

ಕಳ್ಳನಿಗೆ ಕಷ್ಟಗಳೂ ಇದ್ದವು. ತಮ್ಮ ಊರಿನ ಒಂದೊಂದು ಸ್ಟೇಷನ್ನೂ ಒಂದೇ ಉದ್ದನೆಯ ರೆಕಾರ್ಡಿಂಗು. ಹಾಡು, ಮಾತು, ಜಾಹೀರಾತು ಎಲ್ಲ ಒಂದೇ ದಾರದಲ್ಲಿ ಪೋಣಿಸಿದ್ದು. ಯಾರು ಕೇಳಲಿ ಬಿಡಲಿ ಅದು ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಹಾಗಾಗಿ ನಾನು ಹತ್ತಿದಾಗ ಹಾಡು ಅರ್ಧಕ್ಕೆ ಬಂದಿರುತ್ತಿತ್ತು, ಇಳಿಯುವಾಗ ಇನ್ನೂ ಮುಗಿದಿರುತ್ತಿರಲಿಲ್ಲ. ಇಳಿಯುವುದೇನು ಬಂತು, ಟ್ಯಾಂಕರು ಗುದ್ದುತ್ತಿತ್ತು, ಪೊಲೀಸರು ಹಿಡಿಯುತ್ತಿದ್ದರು, ಇಲ್ಲವೇ ಕೆಫೆಯ ಅಣ್ಣ ‘ಟೈಮ್ ಆಯ್ತು, ಏಳ್ರೋ’ ಎಂದು ಬಂದು ನಿಲ್ಲುತ್ತಿದ್ದ. ಇವತ್ತಿಗೂ 80ರ ದಶಕದ ನಲವತ್ತೈವತ್ತು ಅಮೆರಿಕನ್ ಹಾಡುಗಳು ನನಗೆ ಬಾಯಿಪಾಠ, ಆದರೆ ಪ್ರತಿಯೊಂದರದ್ದೂ ನಡುವಿನ ನಲವತ್ತು ಸೆಕೆಂಡು ಮಾತ್ರ.

ಈಗ ಪತ್ರ ಬರೆಯಲು ಕಾರಣ. ಇಪ್ಪತ್ತು ವರ್ಷದ ಮೇಲೆ ನನಗೆ ಪಶ್ಚಾತ್ತಾಪವಾಯಿತು ಎಂದು ತಿಳಿಯಬೇಡಿ. ತಮ್ಮ ಕಾರಿನಿಂದ ಇನ್ನೊಂದು ಕಳ್ಳತನ ಆಗಿದೆ, ಅದನ್ನು ತಮ್ಮ ಗಮನಕ್ಕೆ ತರುವುದು ಒಬ್ಬ ಹಿರಿಯ ಕಳ್ಳನಾಗಿ ನನ್ನ ಕರ್ತವ್ಯ ಅನ್ನಿಸಿತು.

ತಮ್ಮ ಫ್ಲ್ಯಾಶ್ ಎಫ್‌ಎಂನಲ್ಲಿ ಮೈಕಲ್ ಜಾಕ್ಸನ್ನರ ‘ಬಿಲ್ಲಿ ಜೀನ್’ ಬರುತ್ತಿತ್ತು, ನೆನಪಿದೆಯೇ? ಈಗ ಅಂಗಡಿಯಲ್ಲಿ ಸಿಗುವ ವೈಸ್ ಸಿಟಿಯಲ್ಲಿ ಅದಿಲ್ಲ. 2012ರ ನವೆಂಬರಿನಲ್ಲಿ ತಮ್ಮ ಇಡೀ ಊರೇ ಆನ್‌ಲೈನ್ ಅಂಗಡಿಯಿಂದ ಕೆಲಕಾಲ ಮಾಯವಾಗಿತ್ತು. ಮರಳಿ ಬಂದಾಗ ಕೆಲವು ಹಾಡುಗಳನ್ನು ಎಲ್ಲೋ ಇಳಿಸಿ ಬಂದಿತ್ತು. ಇದೇ ಸರಣಿಯ ಇನ್ನೊಂದು ಆಟವಾದ ಪಕ್ಕದ ಸ್ಯಾನ್ ಆಂಡ್ರಿಯಾಸಿನಲ್ಲಿ 2014ರಲ್ಲಿ ಅದೇ ಕಥೆ. ‘ರೇಜ್ ಅಗೇನ್ಸ್ಟ್ ದ ಮೆಷಿನ್’ ತಂಡದವರ ಆವೇಶವೆಲ್ಲ ಒಂದು ಅಪ್‌ಡೇಟಿನಲ್ಲಿ ತಣ್ಣಗಾಯಿತು. ಯಂತ್ರದ ವಿರುದ್ಧ ಸಿಟ್ಟು ಎಂದು ಹೆಸರಿಟ್ಟುಕೊಂಡವರನ್ನು ಯಂತ್ರವೇ ಸದ್ದಿಲ್ಲದೆ ಇಳಿಸಿಬಿಟ್ಟಿತು ಎಂದರೆ ಅದಕ್ಕೂ ಸ್ವಲ್ಪ ಹಾಸ್ಯಪ್ರಜ್ಞೆ ಇರಬೇಕು.

ಇದು ಹೇಗಾಗುತ್ತದೆ ಎಂದರೆ, ಒಂದು ಹಾಡಿಗೆ ಎರಡು ಬೀಗ. ಬರೆದವರು ಮತ್ತು ರಾಗ ಹಾಕಿದವರ ಹಕ್ಕು ಒಂದು ಕಡೆ, ಅದನ್ನು ಪ್ರಕಾಶಕರು ನೋಡಿಕೊಳ್ಳುತ್ತಾರೆ. ಸ್ಟುಡಿಯೋದಲ್ಲಿ ಹಾಡಿ ಮುದ್ರಿಸಿದ ಧ್ವನಿಯ ಹಕ್ಕು ಇನ್ನೊಂದು ಕಡೆ, ಅದು ಕ್ಯಾಸೆಟ್ಟು ಕಂಪನಿಯದ್ದು. ಎರಡೂ ಕೀಲಿ ತಿರುಗಿದರೆ ಮಾತ್ರ ಹಾಡು ತಮ್ಮ ಕಾರಿಗೆ ಹತ್ತುತ್ತದೆ. ಹತ್ತಿದ ಮೇಲೂ ಅದು ತಮ್ಮದಲ್ಲ, ಬಾಡಿಗೆಯದ್ದು. ಎಷ್ಟೋ ಕರಾರುಗಳಲ್ಲಿ ವಾಯಿದೆ ಇರುತ್ತದೆ, ಹತ್ತು ವರ್ಷವೋ ಏನೋ. 2002ರಲ್ಲಿ ಕರಾರಿಗೆ ರುಜು ಹಾಕಿದ ಪುಣ್ಯಾತ್ಮರಿಗೆ, ಹತ್ತು ವರ್ಷ ಬಿಟ್ಟು ಈ ಆಟವನ್ನು ಯಾರು ಆಡುತ್ತಾರೆ ಅನ್ನಿಸಿರಬೇಕು. ಡಬ್ಬದಲ್ಲಿ ಡಿಸ್ಕು ಮಾರಿದರೆ ಮುಗಿಯಿತು, ಕೊಂಡವನ ಮನೆಗೆ ಹೋಗಿ ಗೀರಿ ತೆಗೆಯಲು ಆಗುವುದಿಲ್ಲವಲ್ಲ. ಆಮೇಲೆ ಇಂಟರ್ನೆಟ್ ಬಂತು. ಕೊಂಡವನ ಮನೆಗೆ ಹೋಗಲು ಈಗ ಆಗುತ್ತದೆ.

ತಮಗೆ ಇದೇ ಸರಣಿಯ ಮತ್ತೊಂದು ಆಟದ, ಲಿಬರ್ಟಿ ಸಿಟಿಯ ನಿಕೋ ಬೆಲಿಕ್ ಗೊತ್ತಿರಬಹುದು. ಪೂರ್ವ ಯುರೋಪಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂದವನು, 2008ರ ಏಪ್ರಿಲ್ 29ರಂದು. ಅವನು ಬಂದಿಳಿದ ಊರಿನಲ್ಲಿ ವ್ಲಾಡಿವೋಸ್ಟಾಕ್ ಎಫ್‌ಎಂ ಎಂಬ ಸ್ಟೇಷನ್ ಇತ್ತು. ಅದರ ನಿರೂಪಕಿ ಯುಕ್ರೇನಿನ ಗಾಯಕಿ ರುಸ್ಲಾನಾ, 2004ರಲ್ಲಿ ಯೂರೋವಿಷನ್ ಗೆದ್ದವರು, ಆಟದಲ್ಲೂ ತಮ್ಮ ಹೆಸರಿನಲ್ಲೇ ಮಾತಾಡಿದವರು. ಅದರಲ್ಲಿ ‘ಕಿನೋ’ ತಂಡದ ಹಾಡು ಬರುತ್ತಿತ್ತು. ಅದರ ಗಾಯಕ ವಿಕ್ಟರ್ ತ್ಸೋಯ್ ಸೋವಿಯತ್ ಕಾಲದ ಕೊನೆಯ ದಿನಗಳ ಕಣ್ಮಣಿ. 1990ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅಮೆರಿಕದ ಕಪೋಲಕಲ್ಪಿತ ಊರಿನ ಕಾರುಗಳಲ್ಲಿ ಅವರು ಮತ್ತೆ ಹತ್ತು ವರ್ಷ ಹಾಡಿಕೊಂಡಿದ್ದರು. 2018ರ ಏಪ್ರಿಲಿನಲ್ಲಿ, ಸರಿಯಾಗಿ ಹತ್ತು ತುಂಬಿದಾಗ, ಹತ್ತಾರು ಹಾಡುಗಳ ಜೊತೆ ಅವರನ್ನೂ ಇಳಿಸಿದರು. ಬೇರೆ ಸ್ಟೇಷನ್ನುಗಳಿಗೆ ಅಲ್ಲೊಂದು ಇಲ್ಲೊಂದು ಹಲ್ಲು ಬಿದ್ದಿತು. ವ್ಲಾಡಿವೋಸ್ಟಾಕಿಗೆ ಮಾತ್ರ ಹೆಚ್ಚುಕಮ್ಮಿ ಇಡೀ ಬಾಯಿಗೇ ಹೊಸ ಹಲ್ಲಿನ ಸೆಟ್ಟು: ಹೊಸ ಕಾಲದ ರಷ್ಯನ್ ಹಾಡುಗಳು. ಆ ಹಾಡುಗಳೂ ಚೆನ್ನಾಗಿರಬಹುದು. ಆದರೆ ಊರು ಬಿಟ್ಟು ಬಂದವನು ರೇಡಿಯೋದಲ್ಲಿ ಹುಡುಕುವುದು ಊರಿನ ಇವತ್ತಿನ ಹಾಡನ್ನಲ್ಲ. ತಾನು ಬಿಟ್ಟು ಬಂದ ದಿನದ ಹಾಡನ್ನು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪ ಇವತ್ತಿಗೂ ಕಾರಿನಲ್ಲಿ ಕೇಳುವುದು 1989ರವರೆಗಿನ ರಾಜ್‌ಕುಮಾರರನ್ನು. ಅವರು ವಿಮಾನ ಹತ್ತಿದ್ದು ಆ ವರ್ಷ.

ಹಾಡಿನ ವಿಷಯ ಹೀಗಾಯಿತು. ಜಾಹೀರಾತಿನ ವಿಷಯ ಕೇಳಿ. ತಮ್ಮ ರೇಡಿಯೋದಲ್ಲಿ ಡಿಜೆನಾಟ್ರಾನ್ ಎಂಬ ವಿಡಿಯೋ ಗೇಮಿನ ಜಾಹೀರಾತು ಬರುತ್ತಿತ್ತಲ್ಲ, ಕೆಂಪು ಚೌಕ, ಹಸಿರು ಚುಕ್ಕೆ ಎಂದು ಕಿರುಚುವುದು? ಅದು ಸುಖವಾಗಿದೆ. ಬಂದೂಕಿನಂಗಡಿ ಅಮ್ಯು-ನೇಷನ್ನಿನ ಜಾಹೀರಾತೂ ಕ್ಷೇಮ. ಕಂಪನಿಯವರೇ ಬರೆದು ಕಂಪನಿಯವರೇ ಮುದ್ರಿಸಿದ್ದಾದ್ದರಿಂದ ಅವುಗಳಿಗೆ ವಾಯಿದೆ ಇಲ್ಲ. ರೇಡಿಯೋದಲ್ಲಿ ಬರುವ ಜಾಹೀರಾತು ಎಷ್ಟು ಹಾಳು ಎಂದು ಗೇಲಿ ಮಾಡಲಿಕ್ಕೆಂದೇ ಮಾಡಿದ ಜಾಹೀರಾತುಗಳು ಅವು. ಗೇಲಿ ಅಜರಾಮರವಾಯಿತು, ಹಾಡು ನಡುವೆ ಎದ್ದು ಹೋಯಿತು. ಊಟದ ಮನೆಯಲ್ಲಿ ಹೋಳಿಗೆ ಖಾಲಿಯಾಗಿ ಉಪ್ಪು ಮಾತ್ರ ಎಲೆಯ ತುದಿಯಲ್ಲಿ ಉಳಿದ ಹಾಗೆ.

ಹಳಬರು ಈ ವಿಷಯದಲ್ಲಿ ಜಾಣರಿದ್ದರು. 1997ರ ಮೊದಲ ಜಿಟಿಎ ಸ್ಕಾಟ್ಲೆಂಡಿನ ಡಂಡಿ ಊರಿನ ಡಿಎಂಎ ಡಿಸೈನ್ ಎಂಬ ಸಣ್ಣ ಕಂಪನಿಯದ್ದು. ಪ್ರಕಟಿಸಿದ್ದು ಬಿಎಂಜಿ ಇಂಟರ್‌ಆ್ಯಕ್ಟಿವ್, ಅಂದರೆ ದೊಡ್ಡದೊಂದು ಸಂಗೀತ ಕಂಪನಿಯ ಮಗು. ತಮ್ಮ ಊರನ್ನು ಕಟ್ಟಿಸಿದ ಸ್ಯಾಮ್ ಹೌಸರ್ ಕೂಡ ಬಿಎಂಜಿಯಲ್ಲೇ ಪಳಗಿದವರು. ಸಂಗೀತದ ಮನೆಯಲ್ಲಿ ಹುಟ್ಟಿದ ಆಟವಾದರೂ ಆ ಮೊದಲ ಆಟದಲ್ಲಿ ಹೊರಗಿನ ಹಾಡಿಲ್ಲ. ಕ್ರೇಗ್ ಕಾನರ್ ಮತ್ತು ಕಾಲಿನ್ ಆ್ಯಂಡರ್ಸನ್ ಆಫೀಸಿನಲ್ಲೇ ಕೂತು ಹಾಡು ಕಟ್ಟಿ, ಇಲ್ಲದ ತಂಡಗಳ ಹೆಸರು ಕೊಟ್ಟರು. ಸೈಡ್‌ವೇಸ್ ಹ್ಯಾಂಕ್ ಓಮ್ಯಾಲಿ ಎಂಬ ಹಳ್ಳಿಗಾಯಕ ಒಬ್ಬ, ಹುಟ್ಟಿದ ದಿನವೂ ಇಲ್ಲ, ಸಾಯುವ ದಿನವೂ ಇಲ್ಲ. ಯಾವ ವಕೀಲನೂ ಅವನನ್ನು ಕಾರಿನಿಂದ ಇಳಿಸಲಾರ. ಹುಟ್ಟಿದವನಿಗೆ ಸಾವು ತಪ್ಪಿದ್ದಲ್ಲ ಎಂದು ಗೊತ್ತಿದ್ದವರು ಹುಟ್ಟದವನಿಂದಲೇ ಹಾಡಿಸಿದರು.

ಹಾಡಿನ ಹಕ್ಕಿಗೆ ಅಣುಬಾಂಬೂ ಅಡ್ಡಿಯಲ್ಲ. ಫಾಲೌಟ್ 3 ಎಂಬ ಇನ್ನೊಂದು ಆಟದಲ್ಲಿ ಲೋಕವೇ ಸುಟ್ಟು ಎರಡು ನೂರು ವರ್ಷ ಕಳೆದಿದೆ. ವಾಷಿಂಗ್ಟನ್ನಿನ ಭಗ್ನಾವಶೇಷದ ನಡುವೆ ರೇಡಿಯೋ ಮಾತ್ರ 1941ರ ಇಂಕ್ ಸ್ಪಾಟ್ಸ್ ತಂಡದ ಹಾಡು ಹಾಕುತ್ತಿರುತ್ತದೆ. ಸರ್ಕಾರ ಹೋಯಿತು, ನೀರು ಹೋಯಿತು, ಮನುಷ್ಯರ ಚರ್ಮ ಸುಲಿದು ಹೋಯಿತು. ಕೃತಿಸ್ವಾಮ್ಯ ಉಳಿಯಿತು. ಪರವಾನಗಿ ಸಿಗದಿದ್ದರೆ ಆ ಹಾಡು ಆಟಕ್ಕೆ ಹತ್ತುತ್ತಿರಲಿಲ್ಲ. ಪರವಾನಗಿ ಮುಗಿದು ಅಂಗಡಿಯಿಂದಲೇ ಎದ್ದು ಹೋದ ಆಟಗಳೂ ಇವೆ. ಫಿನ್ಲೆಂಡಿನವರ ‘ಆ್ಯಲನ್ ವೇಕ್’ 2017ರ ಮೇ 15ಕ್ಕೆ ಹಾಡಿನ ವಾಯಿದೆ ಮುಗಿದು ಮಾರಾಟದಿಂದಲೇ ಎದ್ದು ಹೋಯಿತು, ಹೋಗುವ ಮೊದಲು ತೊಂಬತ್ತು ಶೇಕಡಾ ರಿಯಾಯಿತಿಯಲ್ಲಿ ತನ್ನನ್ನು ಮಾರಿಕೊಂಡಿತು, ಮನೆ ಖಾಲಿ ಮಾಡುವವರು ಹೂವಿನ ಕುಂಡವನ್ನು ಸಿಕ್ಕಿದ ಬೆಲೆಗೆ ಕೊಡುವ ಹಾಗೆ. ಮರುವರ್ಷ ಮತ್ತೆ ಬಂತು. ‘ಮಾಫಿಯಾ’ದ ಮೊದಲ ಆಟ 2017ರಲ್ಲಿ ಮರಳಿ ಬಂದಾಗ ಅದರ 1930ರ ದಶಕದ ಕಾರುಗಳಲ್ಲಿ ಹಳೆಯ ಜಾಜ್ ಹಾಡುಗಳೇ ಇರಲಿಲ್ಲ. ಗೂಂಡಾಗಳು ಮೌನವಾಗಿ ಕೊಲೆ ಮಾಡಿಕೊಂಡು ಬಂದರು.

ಯಜಮಾನರೇ, ತಪ್ಪೊಪ್ಪಿಗೆಯೊಂದಿದೆ. ಹಾಡು ಕಳೆದುಕೊಂಡ ತಮ್ಮ ದುಃಖ ನನಗೆ ಹೊಸದಲ್ಲ. 2007ರಲ್ಲಿ ನಮ್ಮ ಮನೆಗೂ ಕಂಪ್ಯೂಟರು ಬಂತು. ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್ ಕಡೆಯ ಒಂದು ಮೂಲೆಯಂಗಡಿಯಲ್ಲಿ ಐವತ್ತು ರೂಪಾಯಿಗೆ ತಮ್ಮ ಊರನ್ನು ಕೊಂಡು ತಂದೆ. ಹಾಸನದ ಬಸ್ಸಿನಲ್ಲಿ ಆ ಸಿ.ಡಿ.ಯನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ಮನೆಗೆ ಬಂದು ಹಾಕಿದೆ, ಓಷನ್ ಡ್ರೈವಿಗೆ ಬಂದೆ, ಕಾರು ಎಳೆದೆ, ಕೂತೆ. ನಿಶ್ಶಬ್ದ. ಇಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅದು ರಿಪ್ ವರ್ಷನ್ನು. ಎಲ್ಲವನ್ನೂ ಒಂದೇ ಸಿ.ಡಿ.ಗೆ ತುರುಕಲು ನಮ್ಮ ಕಡೆಯ ಕಳ್ಳರು ಮೊದಲು ಕಿತ್ತು ಎಸೆಯುತ್ತಿದ್ದದ್ದು ರೇಡಿಯೋವನ್ನು. ಫರ್ನಾಂಡೋ ಸತ್ತಿದ್ದ. ಟೋಟೋ ಇರಲಿಲ್ಲ.

ಅಂದರೆ, ಗಮನಿಸಿ, ಕಳ್ಳರು ಜಾಗ ಸಾಲದೆಂದು ಹಾಡು ತೆಗೆದರು. ಆಮೇಲೆ ಸಭ್ಯರು ಕಾಗದ ಸಾಲದೆಂದು ತೆಗೆದರು. ಕಳ್ಳರು ಕನಿಷ್ಠ ಮೊದಲೇ ತೆಗೆದು ಕೊಟ್ಟರು.

ಆದರೆ ಆ ಮೂಕ ಊರಿನಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಕಂಪ್ಯೂಟರಿನ ಆಟದ ಫೋಲ್ಡರಿನೊಳಗೆ ಎಂಪಿ3 ಎಂಬ ಇನ್ನೊಂದು ಫೋಲ್ಡರು. ಅದರಲ್ಲಿ ನಮ್ಮ ಹಾಡು ಹಾಕಿದರೆ ತಮ್ಮ ಕಾರಿನಲ್ಲಿ ಹೊಸದೊಂದು ಸ್ಟೇಷನ್ನು ಹುಟ್ಟುತ್ತಿತ್ತು. ಆಗಷ್ಟೇ ‘ಮುಂಗಾರು ಮಳೆ’ ಬಂದು ಊರಿಗೆ ಊರೇ ಒದ್ದೆಯಾಗಿತ್ತು. ಆ ಸಿನಿಮಾದ ಹಾಡುಗಳನ್ನೆಲ್ಲ ಗೆಳೆಯನ ಪೆನ್‌ಡ್ರೈವಿನಿಂದ ತಂದು ಸುರಿದೆ. ಒಂದು ಸಂಜೆ ತಮ್ಮ ಊರಿನಲ್ಲಿ ಮಳೆ ಹಿಡಿಯಿತು. ಮಯಾಮಿಯ ಮಾದರಿಯ ಗುಲಾಬಿ ನಿಯಾನ್ ದೀಪ, ಒದ್ದೆ ರಸ್ತೆಯಲ್ಲಿ ಅದರ ಬಣ್ಣ ಚೆಲ್ಲಿಕೊಂಡು, ಸ್ಕ್ರೀನಿನ ಮೇಲೆ ಓರೆ ಗೆರೆಯ ಹನಿ, ತೆಂಗಿನಂಥದೇ ಆದರೆ ತೆಂಗಲ್ಲದ ಮರಗಳು, ಸ್ಪೀಕರಿನಲ್ಲಿ ಸೋನು ನಿಗಮ್ ಕನ್ನಡದಲ್ಲಿ ಹಾಡುತ್ತಿದ್ದಾರೆ. ಹಿಂದೆ ಪೊಲೀಸರು, ನನ್ನ ಅಪರಾಧದ ಲೆಕ್ಕಕ್ಕೆ ಎರಡು ಸ್ಟಾರು. ಅಡುಗೆ ಮನೆಯಿಂದ ಅಮ್ಮ ‘ಸೌಂಡ್ ಜಾಸ್ತಿ ಮಾಡೋ’ ಎಂದರು. ಆ ಆಟದ ವಿಷಯದಲ್ಲಿ ಅಮ್ಮ ಹಾಗೆ ಹೇಳಿದ್ದು ಅದೊಂದೇ ಸಲ. ಯೋಗರಾಜ್ ಭಟ್ಟರ ಆ ಸಿನಿಮಾದ ನಾಯಕ ಪ್ರೀತಂ ಮಡಿಕೇರಿಯಲ್ಲಿ ನೆನೆದ, ಸರಿ. ಟಾಮಿ ವರ್ಸೆಟ್ಟಿ ಅದೇ ಮಳೆಯಲ್ಲಿ ಕದ್ದ ಕಾರಿನಲ್ಲಿ ನೆನೆದ ಎಂಬುದಕ್ಕೆ ನಾನೂ ಅಮ್ಮನೂ ಸಾಕ್ಷಿ.

ಆ ಫೋಲ್ಡರಿನ ಒಂದು ಹಾಡಿಗೂ ನಾನು ಒಂದು ಪೈಸೆ ಕೊಟ್ಟವನಲ್ಲ. ಅವು ಇವತ್ತಿಗೂ ಹಳೆಯ ಹಾರ್ಡ್‌ಡಿಸ್ಕಿನಲ್ಲಿವೆ. ವಾಯಿದೆ ಮುಗಿದಿಲ್ಲ.

ಈಗಿನ ಪೀಳಿಗೆಯ ಕಳ್ಳರ ಬಗ್ಗೆ ತಮಗೆ ಹೇಳಲೇಬೇಕು. ಅಕ್ಕನ ಮಗ ಜಿಟಿಎ 5 ಆಡುತ್ತಾನೆ. ಆಡುವುದಷ್ಟೇ ಅಲ್ಲ, ಆಡುವುದನ್ನು ನೇರ ಪ್ರಸಾರ ಮಾಡುತ್ತಾನೆ. ಹನ್ನೊಂದು ಮಂದಿ ನೋಡುತ್ತಾರೆ, ಅದರಲ್ಲಿ ಒಬ್ಬ ನಾನು. ಮೊನ್ನೆ ಅವನ ಕೋಣೆಯಲ್ಲೇ ಕೂತು ನೋಡಿದೆ. ಲಾಸ್ ಸ್ಯಾಂಟೋಸಿನ ನಡುರಸ್ತೆಯಲ್ಲಿ ಒಬ್ಬ ಸಜ್ಜನನ ಕಾರು ನಿಲ್ಲಿಸಿದ, ಎಳೆದು ಹಾಕಿದ, ಫುಟ್‌ಪಾತಿನ ಮೇಲೆ ಹತ್ತಿಸಿ ನಾಲ್ವರನ್ನು ಉರುಳಿಸಿದ. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಕಾರಿನ ರೇಡಿಯೋ ಬಾಯಿ ತೆರೆದದ್ದೇ ಹಾವು ಕಂಡವನ ಹಾಗೆ ಹಾರಿ ಅದನ್ನು ಆಫ್ ಮಾಡಿದ. ‘ಯಾಕೋ, ಕೆನ್ನಿ ಲಾಗಿನ್ಸ್ ಮಾತಾಡ್ತಿದ್ರು, ಇರಲಿ ಬಿಡೋ’ ಎಂದೆ. ‘ಮಾಮ, ಸುಮ್ನಿರು. ಸ್ಟ್ರೈಕ್ ಬೀಳತ್ತೆ’ ಎಂದು ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

ವಿಷಯ ಇಷ್ಟು: ನೇರ ಪ್ರಸಾರದಲ್ಲಿ ಹಾಡೊಂದು ಅರ್ಧ ನಿಮಿಷ ಸೋರಿದರೂ ಯಂತ್ರವೊಂದು ಅದನ್ನು ಗುರುತು ಹಿಡಿದು ವಿಡಿಯೋದ ಬಾಯಿ ಕಟ್ಟುತ್ತದೆ, ಇಲ್ಲವೇ ಅದರ ದುಡ್ಡು ಇನ್ನಾರಿಗೋ ಹೋಗುತ್ತದೆ, ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಆಟ ಕೊಂಡವನಿಗೆ ಹಾಡು ಕೇಳುವ ಹಕ್ಕಿದೆ, ಕೇಳಿಸುವ ಹಕ್ಕಿಲ್ಲ. 2020ರ ಸೈಬರ್‌ಪಂಕ್ 2077 ಆಟ ಬಂದಾಗ ಈ ಕಾಟಕ್ಕೆಂದೇ ಅದರೊಳಗೆ ಒಂದು ಸ್ವಿಚ್ಚು ಇಟ್ಟಿದ್ದರು, ಒತ್ತಿದರೆ ಕಾಟ ಕೊಡಬಹುದಾದ ಕೆಲವು ಹಾಡುಗಳ ಜಾಗಕ್ಕೆ ಬೇರೆ ಹಾಡು. ತಮ್ಮ ಊರಿನಲ್ಲಿ ನಾನು ಆರು ಸ್ಟಾರು ಪಡೆದು ಸೈನ್ಯದ ಟ್ಯಾಂಕುಗಳನ್ನೇ ಕರೆಸಿಕೊಂಡವನು. ಆಮೇಲೆ ಪೇ ಎನ್ ಸ್ಪ್ರೇ ಗ್ಯಾರೇಜಿಗೆ ನುಗ್ಗಿ ಕಾರಿಗೆ ಬೇರೆ ಬಣ್ಣ ಬಳಿಸಿ ಹೊರಬಂದರೆ ಯಾರಿಗೂ ಗುರುತಿಲ್ಲ, ನೂರು ಕೊಲೆ ಮನ್ನಾ. ಹಾಡಿಗೂ ಈಗ ಅಂಥ ಗ್ಯಾರೇಜುಗಳಿವೆ: ಶ್ರುತಿಯನ್ನು ಅರ್ಧ ಮನೆ ಏರಿಸಿ, ವೇಗ ಒಂದಿಷ್ಟು ಹೆಚ್ಚಿಸಿ ಹಾಕುತ್ತಾರೆ, ಗಾಯಕರು ಇಲಿಗಳ ಹಾಗೆ ಹಾಡುತ್ತಾರೆ, ಯಂತ್ರ ಕೆಲವು ಸಲ ಮೋಸ ಹೋಗುತ್ತದೆ. ಲೋಕದ ಎಲ್ಲ ಪಾಪವನ್ನೂ ಆಟವೆಂದು ಮಾಫಿ ಮಾಡಿದ ತಮ್ಮ ಊರಿನಲ್ಲಿ ನಿಜವಾದ ಪೊಲೀಸರು ಬರುವ ಅಪರಾಧ ಒಂದೇ ಒಂದು. ಅದನ್ನು ಮಾಡಿಸುವುದು ತಮ್ಮ ಕಾರಿನ ಡ್ಯಾಶ್‌ಬೋರ್ಡು.

ಇಷ್ಟೆಲ್ಲ ಓದಿ ತಾವು ‘ಹಾಡು ಹಾಡಿದವರದ್ದೇ ದುರಾಸೆ’ ಎಂದುಕೊಂಡೀರಿ. ಸ್ವಲ್ಪ ತಡೆಯಿರಿ. 2024ರ ಸೆಪ್ಟೆಂಬರಿನಲ್ಲಿ ಮಾರ್ಟಿನ್ ವೇರ್ ಎಂಬ ಬ್ರಿಟಿಷ್ ಸಂಗೀತಗಾರರು ಒಂದು ಗುಟ್ಟು ರಟ್ಟು ಮಾಡಿದರು. ಅವರ ‘ಹೆವನ್ 17’ ತಂಡದ 1983ರ ಹಾಡು ‘ಟೆಂಪ್ಟೇಷನ್’ ಅನ್ನು ಆಗ ಬರಲಿದ್ದ ಜಿಟಿಎ 6ಕ್ಕೆ ಕೇಳಿದ್ದರಂತೆ. ಅವರು ಹೇಳಿದ ಪ್ರಕಾರ ಅವರ ಪಾಲಿಗೆ ಕೊಡುತ್ತೇವೆಂದ ಮೊತ್ತ 7,500 ಡಾಲರು, ನಮ್ಮ ಲೆಕ್ಕದಲ್ಲಿ ಆರು ಲಕ್ಷ ಚಿಲ್ಲರೆ. ಒಂದೇ ಸಲ, ಮುಂದೆ ಯಾವ ಪಾಲೂ ಇಲ್ಲ, ಎಂದೆಂದಿಗೂ. ಇದರ ಹಿಂದಿನ ಆಟ 2013ರಲ್ಲಿ ಮೂರೇ ದಿನದಲ್ಲಿ ನೂರು ಕೋಟಿ ಡಾಲರು ಗಳಿಸಿತ್ತು. ಈಗ ಅದರ 20 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ. ವೇರ್ ಆಗುವುದಿಲ್ಲ ಎಂದರು. ಎಂದ ಮಾತನ್ನು ಹಿರಿಯರ ಮುಂದೆ ಬರೆಯುವಂತಿಲ್ಲ.

ಕೂಡಲೇ ಎರಡು ಪಕ್ಷವಾಯಿತು. ಒಂದು ಪಕ್ಷದವರು, ಅಯ್ಯಾ, ಆ ಆಟದಲ್ಲಿ ಬಂದರೆ ಸಿಗುವ ಪ್ರಚಾರವೇ ಕೋಟಿ ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. 2023ರ ಡಿಸೆಂಬರಿನಲ್ಲಿ ಆ ಆಟದ ಮೊದಲ ಟ್ರೇಲರಿನಲ್ಲಿ ಟಾಮ್ ಪೆಟಿಯ 1989ರ ಹಾಡೊಂದು ಬಂದದ್ದೇ ತಡ, ಮೂಲೆಯಲ್ಲಿದ್ದ ಆ ಹಾಡನ್ನು ಲೋಕವೇ ಹುಡುಕಿಕೊಂಡು ಹೋಯಿತು. ಪೆಟಿ ತೀರಿಕೊಂಡು ಆಗಲೇ ಆರು ವರ್ಷ. ಹಾಸನದ ಗೂಡಿನಲ್ಲಿ ಕೂತಿದ್ದ ನನಗೆ ಟೋಟೋ ಪರಿಚಯವಾದದ್ದೂ ಹಾಗೆಯೇ ತಾನೆ. ಆದರೆ ಪ್ರಚಾರವೇ ಕೂಲಿ ಎಂಬ ಮಾತು ನಮ್ಮ ಕಡೆಯವರಿಗೆ ಹಳೆಯದು. ಮದುವೆ ಮುಗಿದ ಮೇಲೆ ವಾಲಗದವರು ಕೈಕಟ್ಟಿ ನಿಂತಾಗ, ‘ಎಂಥೆಂಥಾ ದೊಡ್ಡ ಜನ ಬಂದಿದ್ರು ನೋಡಿದ್ಯಲ್ಲ, ಇನ್ನು ನಿಂಗೆ ಕೆಲಸಕ್ಕೆ ಬರವಾ’ ಎಂದು ಹೆಗಲು ತಟ್ಟಿ ಅರ್ಧ ಕೊಟ್ಟು ಕಳಿಸುವ ಯಜಮಾನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾಲಗದವರು ಪ್ರಚಾರವನ್ನು ಮಡಿಲಿಗೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಾರೆ. ಕಂಡಕ್ಟರು ಅದನ್ನು ತೆಗೆದುಕೊಳ್ಳುವುದಿಲ್ಲ.

ಇಲ್ಲಿ ನನ್ನ ಗಂಟಲಿಗೇ ಮುಳ್ಳು ಸಿಕ್ಕಿದೆ. ಹಾಡಿಗೆ ವಾಯಿದೆ ಇಟ್ಟರೆ ಹತ್ತು ವರ್ಷಕ್ಕೆ ಹಾಡು ಹೋಗುತ್ತದೆ, ನಾನು ಗೋಳಾಡುತ್ತೇನೆ. ವಾಯಿದೆ ಇಲ್ಲದೆ ಎಂದೆಂದಿಗೂ ಬೇಕು ಎಂದು ಕೇಳಿದರೆ ಅದಕ್ಕೊಂದು ಬೆಲೆ ಕಟ್ಟುತ್ತಾರೆ, ‘ಎಂದೆಂದಿಗೂ’ ಎಂಬುದರ ಬೆಲೆ 7,500 ಡಾಲರು ಎಂದು ತಿಳಿದು ಆಗಲೂ ಗೋಳಾಡುತ್ತೇನೆ. ಹಾಡು ಎಂದೂ ಹೋಗಬಾರದು, ಹಾಡಿದವರಿಗೆ ಅನ್ಯಾಯ ಆಗಬಾರದು, ನಾನು ಐವತ್ತು ರೂಪಾಯಿಗಿಂತ ಹೆಚ್ಚು ಕೊಡಬಾರದು. ನನ್ನ ಬೇಡಿಕೆ ಇಷ್ಟೇ ಸರಳ.

ನಮ್ಮ ದೇಶದಲ್ಲಿ ಈ ಲೆಕ್ಕಾಚಾರ ಗೊತ್ತಿಲ್ಲ ಎಂದು ತಿಳಿಯಬೇಡಿ. ಸಿನಿಮಾಕ್ಕೆ ಹಾಡು ಬರೆದವರು, ರಾಗ ಹಾಕಿದವರು ಒಂದೇ ಸಲದ ಸಂಭಾವನೆ ಪಡೆದು ಎದ್ದು ಹೋಗುವುದೇ ನಮ್ಮ ಹಳೆಯ ರೂಢಿ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಬಂದ ಮೇಲೆ, ಚಿತ್ರಮಂದಿರದ ಆಚೆ ಹಾಡು ದುಡಿದ ದುಡ್ಡಿನಲ್ಲಿ ಅವರ ಪಾಲನ್ನು ಬರೆಸಿಕೊಂಡು ಬಿಡಲು ಬರುವುದಿಲ್ಲ ಎಂದು ಕಾಗದದಲ್ಲಾದರೂ ಆಯಿತು. ಹಾಡು ಹೊತ್ತೊಯ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ: 2022ರ ನವೆಂಬರಿನಲ್ಲಿ ಕೆಜಿಎಫ್ 2ರ ಸಂಗೀತವನ್ನು ಪಾದಯಾತ್ರೆಯ ವಿಡಿಯೋಗೆ ಹಾಕಿಕೊಂಡರೆಂದು ಬೆಂಗಳೂರಿನ ಕೋರ್ಟೊಂದು ದೇಶದ ಹಳೆಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಮರುದಿನವೇ ಹೈಕೋರ್ಟು ಆ ಆದೇಶ ಬದಿಗಿಟ್ಟಿತು, ವಿಡಿಯೋ ತೆಗೆಯಿರಿ ಎಂದಿತು. ಅಕ್ಕನ ಮಗನ ಭಯಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ.

ತಮ್ಮ ಸೀಮೆಗೆ ನಮ್ಮವರೂ ಬಂದದ್ದುಂಟು. 2005ರ ‘ಲಿಬರ್ಟಿ ಸಿಟಿ ಸ್ಟೋರೀಸ್’ ಎಂಬ ಆಟದಲ್ಲಿ ರೇಡಿಯೋ ಡೆಲ್ ಮುಂಡೋ ಎಂಬ ಸ್ಟೇಷನ್ನು, ಅದರಲ್ಲಿ ಆಶಾ ಭೋಸ್ಲೆಯವರ ‘ದಮ್ ಮಾರೋ ದಮ್’. ನಿರೂಪಕನ ಹೆಸರು ಪಂಜಿತ್ ಗವಾಸ್ಕರ್. ಪಂಡಿತನೋ ರಂಜಿತನೋ ಎಂದು ಗೊಂದಲವಾಗಿ ಎರಡನ್ನೂ ಬೆರೆಸಿ, ಕೊನೆಗೆ ಗೊತ್ತಿದ್ದ ಒಂದು ಕ್ರಿಕೆಟ್ ಹೆಸರು ಅಂಟಿಸಿದ ಹಾಗಿದೆ. ಕೇಳಿ ನಕ್ಕೆ, ಆದರೆ ಕದ್ದ ಕಾರಿನಲ್ಲಿ ಆಶಾ ದನಿ ಬಂದಾಗ ಬ್ರೇಕು ಹಾಕಿ ರಸ್ತೆ ಬದಿಗೆ ನಿಲ್ಲಿಸಿ ಪೂರ್ತಿ ಕೇಳಿದೆ. ತಮ್ಮ ಲೋಕದಲ್ಲಿ ನಾನು ಸಿಗ್ನಲ್ಲಿಗೂ ನಿಲ್ಲಿಸಿದವನಲ್ಲ. ಕನ್ನಡದ ಹಾಡು ಮಾತ್ರ ಅಧಿಕೃತವಾಗಿ ನನಗೆಲ್ಲೂ ಸಿಗಲಿಲ್ಲ. ತಮ್ಮ ಊರು ಕಟ್ಟಿದ ಕಂಪನಿ 2016ರಿಂದ ಬೆಂಗಳೂರಿನಲ್ಲೇ ಸ್ಟುಡಿಯೋ ನಡೆಸುತ್ತಿದೆ. 2019ರಲ್ಲಿ ಇಲ್ಲಿನ ಹಳೆಯ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನೂ ಕೊಂಡಿತು. ತಮ್ಮ ಮುಂದಿನ ಕಾರಿನ ಬಾಗಿಲ ಹಿಡಿಕೆಯನ್ನು ಬಿಳೇಕಹಳ್ಳಿಯಲ್ಲೋ ಬಾಣಸವಾಡಿಯಲ್ಲೋ ಮನೆ ಮಾಡಿರುವ ಯಾವನಾದರೂ ಹುಡುಗ ಕೆತ್ತಿರಬಹುದು. ಅವನು ಕೆತ್ತುವಾಗ ಕಿವಿಯಲ್ಲಿ ಯಾವ ಹಾಡಿತ್ತೋ, ಅದಕ್ಕಂತೂ ಪರವಾನಗಿ ಬೇಕಿಲ್ಲ.

ಕೊನೆಯದಾಗಿ ಒಂದು ಪತ್ತೇದಾರಿ ಸುದ್ದಿ. 2021ರಲ್ಲಿ ತಮ್ಮ ಊರಿಗೆಲ್ಲ ಸುಣ್ಣ ಬಣ್ಣ ಹೊಡೆಸಿ ಹೊಸದಾಗಿ ಮಾರಾಟಕ್ಕಿಟ್ಟಾಗ, ತಿಳಿಯದೆ ಸೇರಿಕೊಂಡ ಕೆಲವು ಕಡತ ತೆಗೆಯಬೇಕು ಎಂದು ಕಂಪ್ಯೂಟರ್ ಆವೃತ್ತಿಯನ್ನು ಕೆಲವು ದಿನ ವಾಪಸ್ಸು ಪಡೆದರು. ಅದನ್ನು ಅಗೆದು ನೋಡಿದವರು, ಇಳಿಸಿಬಿಟ್ಟಿದ್ದ ಹಳೆಯ ಹಾಡುಗಳು ಒಳಗೇ ಇದ್ದವು ಎಂದರು. ಅಂದರೆ ಅವು ಕಾರಿನಿಂದ ಹೋಗಿರಲಿಲ್ಲ, ಬಾಯಿಗೆ ಬಟ್ಟೆ ಕಟ್ಟಿ ಡಿಕ್ಕಿಯಲ್ಲಿ ಮಲಗಿಸಿದ್ದರು. ತಮ್ಮ ಊರಿನಲ್ಲಿ ಆ ಕೆಲಸಕ್ಕೆ ಜನ ಬೇರೆ ಇರುತ್ತಾರೆ ಎಂದುಕೊಂಡಿದ್ದೆ.

ಇಂತು ತಮ್ಮ ವಿಶ್ವಾಸಿ,
ಟಾಮಿ (ಹಾಸನ)

ವಿ.ಸೂ.: ಕಾರು ಎಲ್ಲಿದೆ ಎಂದು ಹೇಳಲು ಮರೆತೆ. ಲೈಟ್‌ಹೌಸಿನ ಪಕ್ಕ, ನೀರಿನಲ್ಲಿ. ತಮ್ಮ ಊರಿನಲ್ಲಿ ಟಾಮಿಗೆ ಈಜು ಬರುವುದಿಲ್ಲ ಎಂದು ನನಗೆ ಆಗಿನ್ನೂ ಗೊತ್ತಿರಲಿಲ್ಲ. ನನ್ನ ಹದಿನೈದು ರೂಪಾಯಿಯಲ್ಲಿ ಎರಡು ನಿಮಿಷ ಉಳಿದಿತ್ತು. ಫರ್ನಾಂಡೋ ಮತ್ತೆ ಮಾತಾಡುತ್ತಿದ್ದ, ಮುಂದಿನ ಹಾಡು ಶುರುವಾಗಿರಲಿಲ್ಲ.